ಖಾಸಗಿ ಗಾಡಿಯ ಬೀಗರು

ಸೈಕಲ್ ಮೇಲೆ ಓಡಾಡಿಕೊಂಡು ಕಾರಿನ ವಿಮೆ ಮಾರುವವನ ಬದುಕಿನಲ್ಲಿ ನಗುವಂಥದ್ದೇನೂ ನಡೆಯದಿದ್ದರೆ ಅದೇ ಆಶ್ಚರ್ಯ. ನನಗಂತೂ ತಿಂಗಳಿಗೆ ಎರಡು ಸಲವಾದರೂ ಯಾರದೋ ಮನೆಯ ಕಟ್ಟೆಯ ಮೇಲೆ ಕೂತು, ಬಂದ ನಗು ಕಾಣಬಾರದೆಂದು ಚಹಾದ ಬಸಿಯನ್ನು ಮುಖಕ್ಕೆ ಅಡ್ಡ ಹಿಡಿಯುವ ಪ್ರಸಂಗ ಬರುತ್ತಿತ್ತು.

ಎಪ್ಪತ್ತರ ದಶಕದ ನಡುವಿನ ಮಾತು. ಬೈಲಹೊಂಗಲದಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ಕಾರಕೂನನಾಗಿದ್ದ ನಾನು ಅದನ್ನು ಬಿಟ್ಟು ವಾಹನ ವಿಮೆಯ ಏಜೆಂಟನಾದೆ. ಅಪ್ಪ ಮೂರು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಅವರ ಸಿಟ್ಟಿನಲ್ಲೂ ಅರ್ಥವಿತ್ತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ಊರು ಸೇರಿಸಿದರೂ ಸ್ವಂತ ಕಾರು ಇದ್ದವರನ್ನು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿ ಮುಗಿಸಬಹುದಾಗಿತ್ತು. ಏಜೆನ್ಸಿ ಪತ್ರ ಕೊಡುವಾಗ ಹುಬ್ಬಳ್ಳಿಯ ಸಾಹೇಬರು ಕನ್ನಡಕದ ಮೇಲಿಂದ ನನ್ನನ್ನು ನೋಡಿ ಒಂದೇ ಮಾತು ಹೇಳಿದ್ದರು.

"ಮೊದಲ್ನೇ ವರ್ಷ ಪರೀಕ್ಷಾ ಇದ್ದಂಗ. ನಿನ್ನ ಸಹಿ ಇದ್ದ ಕಾಗದ ಒಂದು ಸುಳ್ಳ ಅಂತ ಗೊತ್ತಾತಂದ್ರ, ಏಜೆನ್ಸಿ ಅವತ್ತಿಗೇ ಮುಗೀತು."

ಜಿನ್ನಿನವರು ನನ್ನ ಕುರ್ಚಿಯಲ್ಲಿ ಆಗಲೇ ಬೇರೆಯವನನ್ನು ಕೂರಿಸಿದ್ದರು. ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ. ಹಾಗಾಗಿ ಆ ವರ್ಷವೆಲ್ಲ ನಾನು ಪೆನ್ನಿನ ಟೊಪ್ಪಿಗೆ ತೆಗೆಯುವ ಮೊದಲು ಸಾಹೇಬರ ಮುಖ ನೆನೆಸಿಕೊಳ್ಳುತ್ತಿದ್ದೆ. ನನ್ನ ಗಿರಾಕಿಗಳು ನೆನೆಸಿಕೊಳ್ಳುತ್ತಿದ್ದುದು ಬೇರೆ. ಕಾರು ಕೊಳ್ಳುವಾಗ ಹಿಂದೆಮುಂದೆ ನೋಡದೆ ರೊಕ್ಕ ಎಣಿಸಿದವರು ವಿಮೆಯ ಕಂತಿಗೆ ಬಂದಾಗ ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡುವವರಂತೆ ಆಗುತ್ತಿದ್ದರು.

೧. ಮೂರನೆಯವನು

ಕಿತ್ತೂರಿನಲ್ಲಿ ಒಬ್ಬ ಕಿರಾಣಿ ವ್ಯಾಪಾರಿಗೆ ಹಳೆಯ ಫಿಯಾಟ್ ಇತ್ತು. ಎಲ್ಲಕ್ಕಿಂತ ಕಡಿಮೆ ಖರ್ಚಿನ ವಿಮೆ ಯಾವುದು ಎಂದು ಕೇಳಿದ. ಥರ್ಡ್ ಪಾರ್ಟಿ ಎಂದೆ. ನಿಮ್ಮ ಗಾಡಿಗೆ ಏನಾದರೂ ಆದರೆ ಕಂಪನಿ ಕೊಡುವುದಿಲ್ಲ, ನಿಮ್ಮ ಗಾಡಿಯಿಂದ ಬೇರೆ ಯಾರಿಗಾದರೂ ಪೆಟ್ಟಾದರೆ ಅವರಿಗೆ ಕೊಡುತ್ತದೆ, ಇಷ್ಟಾದರೂ ಇರಲೇಬೇಕೆಂದು ಸರಕಾರದ ಕಾಯದೆ ಇದೆ ಎಂದು ಬಿಡಿಸಿ ಹೇಳಿದೆ. ಅವನು ಬೆರಳು ಮಡಚಿ ಲೆಕ್ಕ ಹಾಕಿದ. ಒಂದನೇ ಪಾರ್ಟಿ ತಾನು, ಎರಡನೇ ಪಾರ್ಟಿ ಕಂಪನಿ. ಮೂರನೇ ಬೆರಳಿಗೆ ಬಂದು ನಿಂತ.

"ಈ ಮೂರನೇವ ಯಾರ್ರೀ?"

"ನಿಮ್ಮ ಗಾಡಿ ಕೆಳಗ ಸಿಗಾಂವ."

"ಹೆಸರು?"

ಅದು ಈಗಲೇ ಹೇಗೆ ಗೊತ್ತಾಗಬೇಕು ಎಂದೆ. ಅವನಿಗೆ ಇದು ಸರಿಬರಲಿಲ್ಲ. ಕಂಡಿಲ್ಲ, ಕೇಳಿಲ್ಲ, ಯಾವ ಊರಿನವನೋ ಏನೋ, ಅಂಥವನ ಸಲುವಾಗಿ ತಾನು ಯಾಕೆ ವರ್ಷಾ ವರ್ಷಾ ರೊಕ್ಕ ಕಟ್ಟಬೇಕು ಎಂದು ತಕರಾರು ತೆಗೆದ. ಆಮೇಲೆ ಬಹಳ ವಿಚಾರ ಮಾಡಿದವನಂತೆ ಹೇಳಿದ.

"ಹಂಗಾರ ನಮ್ಮ ಅಣ್ಣನ ಹೆಸರ ಬರೀರಿ. ಏನರ ಆದ್ರೂ ರೊಕ್ಕ ಮನ್ಯಾಗ ಉಳೀತೈತಿ."

ಹಾಗೆ ಬರೆಯಲು ಬರುವುದಿಲ್ಲ ಎಂದು ತಿಳಿಸಿ ಹೇಳುವಷ್ಟರಲ್ಲಿ ನನಗೆ ಎರಡು ಬಸಿ ಚಹಾ ಮುಗಿದವು. ಕೊನೆಗೆ ಗೊಣಗುತ್ತಲೇ ಕಂತು ಕಟ್ಟಿದ. ಆದರೆ ಮಾತು ಹೇಗೋ ಅಣ್ಣನ ಕಿವಿಗೆ ಬಿದ್ದಿತ್ತು. ಮುಂದಿನ ಸಲ ಹೋದಾಗ ನಾನೇ ಕಣ್ಣಾರೆ ಕಂಡೆ. ತಮ್ಮನ ಫಿಯಾಟಿನ ಸಪ್ಪಳ ಬಂದರೆ ಸಾಕು, ಆ ಅರವತ್ತರ ಮನುಷ್ಯ ಚಪ್ಪಲಿ ಕೈಯಲ್ಲಿ ಹಿಡಿದು ಪಕ್ಕದ ಮನೆಯ ಕಟ್ಟೆ ಏರಿ ನಿಲ್ಲುತ್ತಿದ್ದ.

೨. ಎಡಗಡೆ

ಸವದತ್ತಿಯ ಡಾಕ್ಟರರು ಓದಿದವರು, ಅವರ ಹತ್ತಿರ ಇಂಥದ್ದು ಇರಲಿಕ್ಕಿಲ್ಲ ಎಂದುಕೊಂಡು ಹೋಗಿದ್ದೆ. ಅವರು ಪೂರ್ತಿ ವಿಮೆಯ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಮಡಚಿ ಇಟ್ಟು, ಅರ್ಧ ಕಂತಿಗೆ ಅರ್ಧ ಗಾಡಿಯ ವಿಮೆ ಮಾಡಲು ಬರುತ್ತದೆಯೇ ಎಂದು ಕೇಳಿದರು. ಯಾವ ಅರ್ಧ ಎಂದೆ.

"ಎಡಗಡಿದು. ಬಲಗಡಿ ನಾನ ಕುಂತಿರತೇನಲ್ಲ, ಅದನ್ನ ನಾ ನೋಡಕೋತೇನಿ. ಎಡಗಡಿ ನನಗ ಕಾಣೂದಿಲ್ಲ. ಕಾಣಲಾರದ್ದಕ್ಕ ವಿಮಾ, ಕಾಣೂದಕ್ಕ ಯಾಕ?"

ಅವರು ತಮಾಷೆ ಮಾಡುತ್ತಿರಲಿಲ್ಲ. ರೋಗಿಯ ನಾಡಿ ಹಿಡಿದಾಗ ಇರುವಷ್ಟೇ ಗಂಭೀರವಾಗಿದ್ದರು. ಕಂಪನಿಯಲ್ಲಿ ಅಂಥ ಪದ್ಧತಿ ಇಲ್ಲ ಎಂದಾಗ, ಹಾಗಾದರೆ ಪೂರ್ತಿ ವಿಮೆಯೇ ಬೇಡ, ಕಡ್ಡಾಯದ್ದಷ್ಟೇ ಇರಲಿ ಎಂದರು. ಎಡಗಡೆಗೆ ತಾವೇ ವ್ಯವಸ್ಥೆ ಮಾಡಿಕೊಂಡರು. ದವಾಖಾನೆಯಲ್ಲಿ ಔಷಧಿ ಕಟ್ಟಿಕೊಡುವ ಕಂಪೌಂಡರನನ್ನು ಗಾಡಿಯ ಎಡಗಡೆಯ ಸೀಟಿನಲ್ಲಿ ಕೂರಿಸಿಕೊಂಡು ಹೋಗತೊಡಗಿದರು. ಅವನ ಕೆಲಸ ಎಂದರೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಎತ್ತು ಬಂದರೆ ಎತ್ತು ಎನ್ನುವುದು, ಗಿಡ ಬಂದರೆ ಗಿಡ ಎನ್ನುವುದು.

ಡಾಕ್ಟರರ ಕಂತೇನೋ ಉಳಿಯಿತು. ಗಾಡಿಗೂ ಒಂದು ಗೀರು ಬೀಳಲಿಲ್ಲ. ಆದರೆ ಅವರು ರಾಮದುರ್ಗಕ್ಕೆ ರೋಗಿ ನೋಡಲು ಹೋದ ದಿನ ಸವದತ್ತಿಯ ದವಾಖಾನೆಯಲ್ಲಿ ಚೀಟಿ ಹಿಡಿದವರಿಗೆ ಔಷಧಿ ಕೊಡುವವರು ಯಾರೂ ಇರುತ್ತಿರಲಿಲ್ಲ. ನಾನು ಒಮ್ಮೆ ಅಲ್ಲಿಗೆ ಹೋದಾಗ ಬಾಗಿಲಲ್ಲಿ ಕೂತಿದ್ದ ಮುದುಕಿಯನ್ನು ಕಂಪೌಂಡರು ಎಲ್ಲಿ ಎಂದು ಕೇಳಿದೆ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಸಮಾಧಾನದಿಂದ ಹೇಳಿದಳು.

"ಕುಂಡ್ರಪಾ. ಡಾಕ್ಟರರ ಎಡಗಡಿ ಊರಿಗೆ ಹೋಗೇತಿ."

೩. ಅಳಿಯಂದಿರು

ಇವರಿಬ್ಬರನ್ನೂ ಮೀರಿಸಿದವರು ನಮ್ಮ ಬೈಲಹೊಂಗಲದ ಹತ್ತಿ ಸಾವ್ಕಾರರು. ನನ್ನ ಮೊದಲ ಗಿರಾಕಿ, ದೊಡ್ಡ ಗಿರಾಕಿ. ಒಂದು ಅಂಬಾಸಿಡರ್, ಎರಡು ಲಾರಿ. ಅವರೊಬ್ಬರು ಕೈಬಿಟ್ಟರೆ ನನ್ನ ಏಜೆನ್ಸಿಯಲ್ಲಿ ಉಳಿಯುವುದು ಸೈಕಲ್ ಮತ್ತು ಚೀಲ. ಕಾರಿನ ಅರ್ಜಿ ತುಂಬುವಾಗ ಸ್ವಂತಕ್ಕೋ ಬಾಡಿಗೆಗೋ ಎಂದು ಕೇಳಿದ್ದೆ. ಬಾಡಿಗೆ ಗಾಡಿಗೆ ಕಂತು ಬಹಳ ಹೆಚ್ಚು. ಅವರು ನೊಂದವರ ಹಾಗೆ ನನ್ನನ್ನು ನೋಡಿ, "ಖಾಸಗಿ ಅಂತ ಬರಿ. ನಾವೇನು ಬಾಡಗಿ ತಿನ್ನೂ ಮಂದಿ ಏನಪಾ?" ಎಂದಿದ್ದರು. ನಾನೂ ನಂಬಿ ಬರೆದುಕೊಂಡಿದ್ದೆ.

ಆಮೇಲೆ ತಿಳಿಯಿತು. ಮದುವೆಗೆ, ಮುಂಜಿವೆಗೆ, ದವಾಖಾನೆಗೆ, ಕೋರ್ಟಿಗೆ, ಯಾರು ಬಂದು ಕೇಳಿದರೂ ಆ ಅಂಬಾಸಿಡರ್ ಬಾಡಿಗೆಗೆ ಹೋಗುತ್ತಿತ್ತು. ಬಾಡಿಗೆಯ ರೊಕ್ಕ ಮೊದಲೇ ಸಾವ್ಕಾರರು ಕೂರುವ ಗದ್ದುಗೆಯ ಕೆಳಗೆ ಸೇರುತ್ತಿತ್ತು. ದಾರಿಯಲ್ಲಿ ಪೊಲೀಸರು ಹಿಡಿದರೆ ಏನು ಹೇಳಬೇಕು ಎನ್ನುವುದನ್ನು ಕಲಿಸುವ ಕೆಲಸ ಡ್ರೈವರನದು. ಡ್ರೈವರ್ ಎಂದರೆ ವಯಸ್ಸಾದ ಸಾಬರು. ಸಾವ್ಕಾರರ ಮನೆಯಲ್ಲಿ, ಪೇಟೆಯಲ್ಲಿ, ಎಲ್ಲರೂ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದರು. ಊರು ಬಿಡುವ ಮೊದಲು ಚಾಚಾ ಗಾಡಿಯ ಬಾಗಿಲು ಹಿಡಿದು ನಿಂತು, ಹತ್ತಿದವರ ವಯಸ್ಸು ನೋಡಿ, ನೀವು ಸಾವ್ಕಾರರಿಗೆ ಮಾವ ಆಗಬೇಕು, ನೀವು ಕಾಕಾ, ನೀವು ಸಡ್ಡಕರು ಎಂದು ಸಂಬಂಧ ಹಂಚುತ್ತಿದ್ದರು. ಎರಡೆರಡು ಸಲ ಹೇಳಿಸಿಕೊಂಡೇ ಗಾಡಿ ಚಾಲೂ ಮಾಡುತ್ತಿದ್ದರು.

ಒಂದು ದಿನ ನೇಸರಗಿಯ ಕಡೆಯಿಂದ ನಾಲ್ಕು ಜನ ಹರೆಯದ ಹುಡುಗರು ಗೆಳೆಯನ ಮದುವೆಗೆಂದು ಗಾಡಿ ಹತ್ತಿದರು. ನಾಲ್ವರದೂ ಒಂದೇ ವಯಸ್ಸು. ಅವಸರದಲ್ಲಿ ಚಾಚಾ, ಅಳಿಯ ಅಂತ ಹೇಳಿಬಿಡ್ರಿ ಎಂದಿದ್ದರು. ಅದು ಒಬ್ಬನಿಗೆ ಹೇಳಿದ್ದು. ನಾಲ್ವರೂ ತಮಗೇ ಎಂದುಕೊಂಡರು. ಊರ ಹೊರಗೆ ಪೊಲೀಸ್ ಫೌಜದಾರರು ಗಾಡಿ ನಿಲ್ಲಿಸಿ ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಅಳಿಯ, ಅಳಿಯ, ಅಳಿಯ, ಅಳಿಯ.

ಆ ಫೌಜದಾರರು ಸಾವ್ಕಾರರ ಮನೆಯಲ್ಲಿ ಉಂಡವರು. ಸಾವ್ಕಾರರಿಗೆ ಒಬ್ಬನೇ ಮಗ, ಹೆಣ್ಣುಮಕ್ಕಳಿಲ್ಲ, ಅಕ್ಕತಂಗಿಯರೂ ಇಲ್ಲ ಎನ್ನುವುದು ಅವರಿಗೆ ಗೊತ್ತಿತ್ತು. ಗಾಡಿಯ ಮುಂದೆ ಬಂದು ನಿಂತು ಡ್ರೈವರನ ಕಡೆ ಬಾಗಿ ಕೇಳಿದರು.

"ಮತ್ತ ನೀ ಅವರಿಗೆ ಏನಾಗಬೇಕಪಾ?"

ಅವರು ಸ್ಟೀರಿಂಗಿನಿಂದ ಕೈ ತೆಗೆದು ನಮಸ್ಕಾರ ಮಾಡಿದರು.

"ನಾ ಚಾಚಾರೀ."

೪. ಕಾಲುವೆ

ಫೌಜದಾರರು ನಕ್ಕು ಗಾಡಿ ಬಿಟ್ಟರಂತೆ. ಪೇಟೆಯವರು ನಗುತ್ತ ಹೇಳಿದ ಈ ಸುದ್ದಿಯನ್ನು ನನಗೆ ನಗುತ್ತ ಕೇಳಲು ಆಗಲಿಲ್ಲ. ಅಂದೇ ಸಾವ್ಕಾರರ ಗದ್ದುಗೆಯ ಮುಂದೆ ಹೋಗಿ ಕೂತು, ಬಾಡಿಗೆಗೆ ಹೋದಾಗ ಗಾಡಿಗೆ ಏನಾದರೂ ಆದರೆ ಕಂಪನಿ ಒಂದು ಪೈಸೆ ಕೊಡುವುದಿಲ್ಲ, ಬಾಡಿಗೆ ಗಾಡಿಯ ವಿಮೆ ಮಾಡಿಸಿಬಿಡಿ ಎಂದು ಕೈಮುಗಿದೆ. ಅವರು ನನ್ನ ಕಂಪನಿಯ ಬಗ್ಗೆ ಮರುಕಪಟ್ಟರು. ಏನೂ ಆಗುವುದಿಲ್ಲ, ಚಾಚಾನ ಕೈ ಅಂದರೆ ಬಂಗಾರ ಎಂದರು.

ಚಾಚಾನ ಕೈ ಬಂಗಾರವೇ. ಆದರೆ ಒಂದು ದಿನ ಮುನವಳ್ಳಿ ದಾಟಿ ನವಿಲುತೀರ್ಥದ ಕಾಲುವೆಯ ದಂಡೆಗೆ ಗಾಡಿ ಬಂದಾಗ ಒಂದು ಕುರಿ ಹಿಂಡು ಅಡ್ಡ ಬಂತು. ಚಾಚಾ ಕುರಿ ಉಳಿಸಿದರು, ಗಾಡಿ ಕಾಲುವೆಗೆ ಇಳಿಯಿತು. ಕಾಲುವೆಗೆ ಇನ್ನೂ ನೀರು ಬಿಟ್ಟಿರಲಿಲ್ಲ, ಪುಣ್ಯ. ಯಾರಿಗೂ ಏನೂ ಆಗಲಿಲ್ಲ. ಗಾಡಿಯ ಮೂತಿ ಮಾತ್ರ ಜಜ್ಜಿಹೋಯಿತು, ರೇಡಿಯೇಟರ್ ಒಡೆದು ನೀರು ಹರಿಯಿತು.

ಗಾಡಿಯಲ್ಲಿದ್ದವರು ನೇಸರಗಿಯ ಸಾಲಿ ಮಾಸ್ತರರು, ಅವರ ಹೆಂಡತಿ, ಅವರ ತಮ್ಮ. ಮಗಳಿಗೆ ತೊರಗಲ್ಲಿನಲ್ಲಿ ಒಂದು ಸಂಬಂಧ ಬಂದಿತ್ತು. ಅವರು ವರನ ಮನೆ ನೋಡಲು ಹೊರಟಿದ್ದರು. ಬಸ್ಸಿನಲ್ಲಿ ಹೋದರೆ ಮರ್ಯಾದೆ ಅಲ್ಲ ಎಂದು ಮಾಸ್ತರರ ಹೆಂಡತಿ ಹಟ ಹಿಡಿದದ್ದಕ್ಕೆ ಕಾರು ಮಾಡಿದ್ದರು. ಹೆಣ್ಣಿನ ಕಡೆಯವರು ಬರುವ ದಾರಿಯಲ್ಲೇ ಗಾಡಿ ಬಿತ್ತಂತೆ ಎಂಬ ಸುದ್ದಿ ಅಂದೇ ತೊರಗಲ್ ಮುಟ್ಟಿತು. ಅಪಶಕುನ ಎಂದು ವರನ ಕಡೆಯವರು ಸಂಬಂಧ ಬಿಟ್ಟರು.

ಸುದ್ದಿ ತಿಳಿದ ಕೂಡಲೇ ಸಾವ್ಕಾರರ ಮಗ ಗೆಳೆಯನ ಜೀಪು ಕೇಳಿ ತೆಗೆದುಕೊಂಡು ಹೋಗಿ ಮೂವರನ್ನೂ ನೇಸರಗಿಯ ಅವರ ಮನೆಗೆ ಮುಟ್ಟಿಸಿ ಬಂದ. ಒಳ್ಳೆಯ ಹುಡುಗ. ವಯಸ್ಸು ಇಪ್ಪತ್ತೆಂಟು ದಾಟಿತ್ತು. ಮದುವೆ ಆಗಿರಲಿಲ್ಲ, ಏಕೆಂದರೆ ಸಾವ್ಕಾರರು ಸಂಬಂಧಕ್ಕೂ ಚೌಕಾಸಿ ಮಾಡುತ್ತಿದ್ದರು. ಆ ದಿನದ ಮೇಲೆ ಅವನು ಮತ್ತೆ ಎರಡು ಸಲ ನೇಸರಗಿಗೆ ಹೋಗಿ ಮಾಸ್ತರರ ಬೆನ್ನುನೋವು ಹೇಗಿದೆ ಎಂದು ವಿಚಾರಿಸಿಕೊಂಡು ಬಂದ. ಮಾಸ್ತರರಿಗೆ ಬೆನ್ನುನೋವು ಇರಲೇ ಇಲ್ಲ.

೫. ಖಾಲಿ ಮನೆ

ಪರಿಹಾರದ ಅರ್ಜಿಯ ಜೊತೆ ಏಜೆಂಟನ ಹೇಳಿಕೆ ಒಂದು ಹೋಗಬೇಕು. ಅದರಲ್ಲಿ, ಗಾಡಿಯಲ್ಲಿದ್ದವರಿಗೂ ಮಾಲಕರಿಗೂ ಏನು ಸಂಬಂಧ ಎಂದು ತುಂಬಬೇಕಾದ ಒಂದು ಚೌಕದ ಮನೆ ಇತ್ತು. ಸಾವ್ಕಾರರು ಅದರ ಮೇಲೆ ಬೆರಳಿಟ್ಟು, ಬೀಗರು ಅಂತ ಬರಿ ಎಂದರು. ನನ್ನ ಕೈ ಏಳಲಿಲ್ಲ. ಬರೆದರೆ ಹುಬ್ಬಳ್ಳಿಯ ಸಾಹೇಬರು ಬಿಡುವುದಿಲ್ಲ. ಬರೆಯದಿದ್ದರೆ ಸಾವ್ಕಾರರು ಬಿಡುತ್ತಾರೆ, ಎರಡು ಲಾರಿಯ ಸಮೇತ. ಅವರು ಅದನ್ನು ಬಾಯಿಬಿಟ್ಟೇ ಹೇಳಿದರು. ನನಗೆ ನಿಜವಾಗಿಯೂ ಅಳು ಬಂದಿತ್ತು. ಉಳಿದದ್ದೆಲ್ಲ ತುಂಬಿ ಸಹಿ ಮಾಡಿ, ಆ ಒಂದು ಮನೆ ಖಾಲಿ ಬಿಟ್ಟು ಕಾಗದ ಕಳಿಸಿದೆ.

ಮರುದಿನ ಮಾಸ್ತರರು ತಾವಾಗಿಯೇ ಬೈಲಹೊಂಗಲಕ್ಕೆ ಬಂದರು. ಸಾವ್ಕಾರರು ನನ್ನನ್ನೂ ಕರೆಸಿದ್ದರು. ಮಾಸ್ತರರು ಕೂತವರೇ ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ನಿಮ್ಮ ಗಾಡಿಯಿಂದ ನನ್ನ ಮಗಳ ಸಂಬಂಧ ಮುರಿಯಿತು, ಇದಕ್ಕೆ ಏನು ಹೇಳುತ್ತೀರಿ ಎಂದು ಕೇಳಿದರು. ದನಿ ಏರಿಸಲಿಲ್ಲ. ಸಾವ್ಕಾರರು ಅದಕ್ಕೆ ಉತ್ತರ ಕೊಡದೆ, ತಪಾಸಣೆಯವರು ಬಂದಾಗ ತಾವು ನಮ್ಮ ಬೀಗರು ಎಂದು ಒಂದು ಮಾತು ಹೇಳಬೇಕು ಎಂದರು.

"ಇಪ್ಪತ್ತ ವರ್ಷ ಹುಡುಗೋರಿಗೆ ಖರೇ ಹೇಳ್ರಿ ಅಂತ ಕಲಿಸೇನ್ರೀ ಸಾವ್ಕಾರ್ರ. ಬೀಗರಲ್ಲದಾವ ಬೀಗ ಅಂತ ಹೆಂಗ ಹೇಳ್ಲಿ?"

ಅಡಿಗೆಮನೆಯ ಬಾಗಿಲ ಹಿಂದೆ ಬಳೆ ಸಪ್ಪಳವಾಯಿತು. ಸಾವ್ಕಾರರ ಹೆಂಡತಿ ಹೊರಗೆ ಬಂದರು. ಮಗ ನೇಸರಗಿಯ ದಾರಿ ಹಿಡಿದದ್ದು ಬೆನ್ನುನೋವಿಗಲ್ಲ ಎನ್ನುವುದು ಅವರಿಗೆ ಗೊತ್ತಿತ್ತು. ಬಂದ ಸಂಬಂಧಗಳನ್ನೆಲ್ಲ ಗಂಡ ಚೌಕಾಸಿ ಮಾಡಿ ಕಳಿಸಿದ್ದನ್ನು ನೋಡಿ ನೋಡಿ ಅವರಿಗೆ ಸಾಕಾಗಿತ್ತು.

"ಮಾಸ್ತರ್ರು ಬರೋಬ್ಬರಿ ಹೇಳಾಕತ್ತಾರ. ಸುಳ್ಳ ಯಾಕ? ಖರೇನ ಬೀಗರ ಮಾಡಕೊಳ್ರಿ. ಹುಡುಗಿ ಚಲೋ ಅದಾಳ, ನಮ್ಮ ಹುಡುಗಗ ಮನಸೈತಿ. ಕೊಡೂದು ತಗೊಳ್ಳೂದು ಏನೂ ಬ್ಯಾಡ."

ಸಾವ್ಕಾರರು ಹೆಂಡತಿಯನ್ನು ನೋಡಿದರು, ಮಾಸ್ತರರನ್ನು ನೋಡಿದರು, ಆಮೇಲೆ ಹಿತ್ತಲಲ್ಲಿ ಮೂತಿ ಜಜ್ಜಿಸಿಕೊಂಡು ನಿಂತ ಗಾಡಿಯನ್ನು ನೋಡಿದರು. ರಿಪೇರಿಯ ಖರ್ಚು ಕಣ್ಣಮುಂದೆ ಬಂದಿರಬೇಕು. ಹೂಂ ಎಂದರು. ಮಾಸ್ತರರು ಮಾತ್ರ ಅವಸರಪಡಲಿಲ್ಲ. ಮಗಳನ್ನು ಕೇಳಿ ಹೇಳುತ್ತೇನೆ ಎಂದು ಎದ್ದರು. ಮೂರನೇ ದಿನ ಮಗಳು ಹೂಂ ಅಂದಳು ಎಂದು ಸುದ್ದಿ ಬಂತು. ಅದೇ ವಾರ ಮಾತು ನಿಶ್ಚಯವಾಗಿ ಸಕ್ಕರೆ ಹಂಚಿದರು. ನನಗೂ ಒಂದು ಪೊಟ್ಟಣ ಬಂತು. ಆದರೆ ನನಗೆ ಅದು ಸಿಹಿ ಹತ್ತಲಿಲ್ಲ. ನಾನು ಖಾಲಿ ಬಿಟ್ಟ ಮನೆ ಹುಬ್ಬಳ್ಳಿಯಲ್ಲಿ ಹಾಗೇ ಇತ್ತು.

೬. ಯಾವಾಗಿನಿಂದ

ತಪಾಸಣೆಯ ಅಧಿಕಾರಿ ಬಂದ ದಿನ ಸಾವ್ಕಾರರ ಮನೆಯಲ್ಲಿ ಹೋಳಿಗೆ. ಮಾಸ್ತರರನ್ನೂ ಕರೆಸಿದ್ದರು, ಬೀಗರ ಸತ್ಕಾರವೂ ಆಗಲಿ ಎಂದು. ಚಾಚಾ ಹೊಸ ಅಂಗಿ ಹಾಕಿಕೊಂಡು ಕಂಬಕ್ಕೆ ಒರಗಿ ನಿಂತಿದ್ದರು. ಅಧಿಕಾರಿ ಗಾಡಿ ನೋಡಿದರು, ಅಳೆದರು, ಬರೆದುಕೊಂಡರು. ಆಮೇಲೆ ಪಡಸಾಲೆಗೆ ಬಂದು ನನ್ನ ಹೇಳಿಕೆಯ ಕಾಗದ ಹೊರಗೆ ತೆಗೆದರು.

"ಏಜಂಟ್ರ, ಈ ಸಂಬಂಧದ ಮನಿ ಖಾಲಿ ಯಾಕ ಬಿಟ್ಟೀರಿ?"

ಸಾವ್ಕಾರರು ನನ್ನನ್ನೇ ನೋಡುತ್ತಿದ್ದರು. ನಾನು ಎದ್ದು ನಿಂತು ಇದ್ದದ್ದನ್ನೇ ಹೇಳಿದೆ.

"ನಾ ಬರಿಯೂವಾಗ ಅದು ಇನ್ನೂ ತುಂಬಿದ್ದಿಲ್ರೀ ಸಾಹೇಬ್ರ."

ಅವರಿಗೆ ಅರ್ಥವಾಗಲಿಲ್ಲ. ಸಾವ್ಕಾರರು ನಡುವೆ ಬಾಯಿ ಹಾಕಿ, ಇವರು ನಮ್ಮ ಬೀಗರು, ಬೇಕಾದರೆ ಊರನ್ನೇ ಕೇಳಿ, ಸಕ್ಕರೆ ಎಲ್ಲರ ಮನೆಗೂ ಹೋಗಿದೆ ಎಂದರು. ಅಧಿಕಾರಿ ತಲೆಯಾಡಿಸಿ, ಆ ಮನೆಯಲ್ಲಿ ತುಂಬಲು ಪೆನ್ನು ತೆಗೆದರು. ಅವರು ಬರೆಯುವ ಮೊದಲು, ಸುಮ್ಮನೆ ಪದ್ಧತಿಗೆ ಎಂಬಂತೆ, ಮಾಸ್ತರರ ಕಡೆ ತಿರುಗಿ ಕೇಳಿದರು.

"ನೀವು ಇವರ ಬೀಗರು ಹೌದಲ್ರೀ?"

"ಹೌದ್ರೀ."

"ಯಾವಾಗಿಂದ?"

ಮಾಸ್ತರರು ಸಾಲಿಗೆ ಸಾಹೇಬರು ತಪಾಸಣೆಗೆ ಬಂದಾಗ ನಿಲ್ಲುವ ಹಾಗೆ ಎದ್ದು ನೆಟ್ಟಗೆ ನಿಂತರು.

"ಗಾಡಿ ಬಿದ್ದಾಗಿಂದ್ರೀ."

ಕಂಬದ ಹತ್ತಿರ ಚಾಚಾ ಹೆಗಲ ವಸ್ತ್ರವನ್ನು ಬಾಯಿಗೆ ಅದುಮಿಕೊಂಡರು. ಅಧಿಕಾರಿ ಪೆನ್ನಿನ ಟೊಪ್ಪಿಗೆ ಹಾಕಿದರು, ಮತ್ತೆ ತೆಗೆದರು. ಆಮೇಲೆ ಆ ಖಾಲಿ ಮನೆಯಲ್ಲಿ, ಅಪಘಾತದ ದಿನ ಬಾಡಿಗೆ, ಎಂದು ದುಂಡಗೆ ಬರೆದರು. ಹೋಳಿಗೆ ಮಾತ್ರ ಒಲ್ಲೆ ಎನ್ನಲಿಲ್ಲ.

ಅವರನ್ನು ಬಸ್ಸಿಗೆ ಬಿಡಲು ನಾನು ಹೋದೆ. ಕಿಟಕಿಯ ಹತ್ತಿರ ಕೂತು ಹೇಳಿದರು, ಖಾಲಿ ಬಿಟ್ಟದ್ದು ಒಳ್ಳೆಯದಾಯಿತು, ತುಂಬಿದ್ದರೆ ನಿನ್ನನ್ನೂ ಆ ಕಾಲುವೆಗೆ ಇಳಿಸಬೇಕಾಗುತ್ತಿತ್ತು ಎಂದು. ಬಸ್ಸು ಹೋದ ಮೇಲೆ ನಿಲ್ದಾಣದಲ್ಲೇ ಕೂತು ನನಗಾಗಿ ಒಂದು ಪೂರ್ತಿ ಕಪ್ ಚಹಾ ತರಿಸಿಕೊಂಡೆ. ಏಜೆನ್ಸಿ ಉಳಿದಿತ್ತು. ಅಂದು ಸಂಜೆ ಅಪ್ಪನಿಗೆ ಇದನ್ನೆಲ್ಲ ಹೇಳಿದಾಗ ಅವರು ಬಹಳ ದಿನಗಳ ಮೇಲೆ ಮನಸಾರೆ ನಕ್ಕರು.

ಕಂಪನಿ ಒಂದು ಪೈಸೆ ಕೊಡಲಿಲ್ಲ. ಗಾಡಿಯ ರಿಪೇರಿಯೂ ಸಾವ್ಕಾರರ ಕೈಯಿಂದ, ಮದುವೆಯ ಖರ್ಚೂ ಅವರ ಕೈಯಿಂದ. ಆದರೂ ಲಾರಿಗಳನ್ನು ನನ್ನಿಂದ ಬಿಡಿಸಲಿಲ್ಲ. ಬಿಡಿಸಿದರೆ ಅಡಿಗೆಮನೆಯಿಂದ ಬಳೆ ಸಪ್ಪಳ ಬರುತ್ತದೆ ಎನ್ನುವುದು ಅವರಿಗೆ ಗೊತ್ತಿತ್ತು.

ವರ್ಷ ತುಂಬಿ ಗಾಡಿಯ ವಿಮೆ ಹೊಸದು ಮಾಡುವ ಹೊತ್ತು ಬಂತು. ಈ ಸಲ ನಾನು ಗಟ್ಟಿ ಮನಸ್ಸು ಮಾಡಿ, ಬಾಡಿಗೆ ಗಾಡಿಯ ಅರ್ಜಿಯನ್ನೇ ಚೀಲದಿಂದ ತೆಗೆದು ಮುಂದಿಟ್ಟೆ. ಸಾವ್ಕಾರರು ಅದನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. ಹೊರಗೆ ಚಾಚಾ ಗಾಡಿಯ ಬಾಗಿಲು ತೆರೆದು ನಿಂತಿದ್ದರು. ಮಾಸ್ತರರು, ಮಾಸ್ತರರ ಹೆಂಡತಿ, ಅವರ ತಮ್ಮ, ತಮ್ಮನ ಹೆಂಡತಿ, ಅವಳ ತಾಯಿ, ಎಲ್ಲರೂ ಬುತ್ತಿಗಂಟು ಹಿಡಿದು ಒಬ್ಬೊಬ್ಬರಾಗಿ ಹತ್ತುತ್ತಿದ್ದರು. ಚಾಚಾ ಯಾರಿಗೂ ಏನೂ ಕಲಿಸುತ್ತಿರಲಿಲ್ಲ.

"ಖಾಸಗಿ ಅಂತನ ಬರಿಯಪಾ," ಎಂದರು ಸಾವ್ಕಾರರು. "ಈಗ ಗಾಡ್ಯಾಗ ಕುಂಡ್ರಾವ್ರೆಲ್ಲಾ ಖರೇ ಬೀಗರು. ಮದವಿ ಆದಾಗಿಂದ ಒಬ್ಬರೂ ಬಾಡಗಿ ಕೊಟ್ಟಿಲ್ಲ. ಇದಕ್ಕಿಂತ ಖಾಸಗಿ ಇನ್ನೇನ ಬೇಕು?"